ಕಂಪ್ಯೂಟರ್ ಪದೇಪದೇ ಕೈಕೊಡುತ್ತಿದೆಯೇ? ರ‍್ಯಾಮ್ ದೋಷ ಪತ್ತೆ ಮಾಡುವ ಬಗೆ

ಡೆಸ್ಕ್‌ಟಾಪಿನ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಇಲ್ಲವೇ ಎಲ್ಲವೂ ಸರಿಯಾಗಿ ಶುರುವಾಗಿ, ಟೈಪ್ ಮಾಡಿದ್ದನ್ನು ಸೇವ್ ಮಾಡುವ ಮೊದಲೇ ನೀಲಿ ಪರದೆ ಬಂದು ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ರ‍್ಯಾಮ್ ಹೋಗಿರಬೇಕು, ಹೊಸದು ಹಾಕಿಸಿ.’

2025ರ ಕೊನೆಯ ತಿಂಗಳುಗಳಿಂದ ಈ ಸಲಹೆ ದುಬಾರಿಯಾಗಿದೆ. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ಅವು ತಯಾರಿಕೆಯನ್ನು ತಿರುಗಿಸಿದ್ದರಿಂದ ಮನೆಬಳಕೆಯ ರ‍್ಯಾಮ್ ಬೆಲೆ ಜಿಗಿಯಿತು. ಜನಸಾಮಾನ್ಯರಿಗೆ ಮಾರುತ್ತಿದ್ದ ‘ಕ್ರೂಶಿಯಲ್’ ಬ್ರ್ಯಾಂಡಿನ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರ್ 14ರಂದು, ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿತ್ತು. ಹಳೆಯ ಯಂತ್ರವನ್ನು ವಿಂಡೋಸ್ 11ಕ್ಕೋ ಲಿನಕ್ಸ್‌ಗೋ ಒಗ್ಗಿಸಲು ಸೆಕೆಂಡ್‌ಹ್ಯಾಂಡ್ ಸ್ಟಿಕ್ (ಮೆಮೊರಿ ಚಿಪ್‌ಗಳನ್ನು ಕೂರಿಸಿದ ಉದ್ದನೆಯ ಪಟ್ಟಿ) ತಂದು ಸೇರಿಸುವವರು ಹೆಚ್ಚಾದರು. ಜೊತೆಗೆ ಹೊಂದಾಣಿಕೆಯಾಗದ ತೊಂದರೆಗಳೂ ಬಂದವು. ಹೀಗಾಗಿ ಸ್ಟಿಕ್ ನಿಜವಾಗಿ ಸತ್ತಿದೆಯೇ, ಧೂಳು ಹಿಡಿದಿದೆಯೇ, ತಪ್ಪು ಸೆಟ್ಟಿಂಗ್‌ನಲ್ಲಿ ಓಡುತ್ತಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಒಂದು ಪೆನ್‌ಡ್ರೈವ್, ಒಂದು ರಾತ್ರಿಯ ಸಮಯ.

ಮೊದಲೇ ಒಂದು ಸ್ಪಷ್ಟನೆ. ಮಾತಿನಲ್ಲಿ ನಾವು ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಅನ್ನುತ್ತೇವೆ. ಈ ಲೇಖನದಲ್ಲಿ ಸಿಪಿಯು ಎಂದರೆ ಫ್ಯಾನಿನ ಕೆಳಗಿರುವ ಪ್ರೊಸೆಸರ್ ಚಿಪ್ ಮಾತ್ರ. ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೇ ಕರೆಯೋಣ.

ರ‍್ಯಾಮ್ ಒಳಗೆ ನಡೆಯುವುದೇನು?

ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ಮನೆಯ ಉಗ್ರಾಣವಿದ್ದಂತೆ. ರ‍್ಯಾಮ್ ಒಲೆಯ ಪಕ್ಕದ ಕಟ್ಟೆ. ಅಡುಗೆಗೆ ಈಗ ಬೇಕಾದ ತರಕಾರಿ, ಬೇಳೆ, ಒಗ್ಗರಣೆ ಡಬ್ಬಿ ಎಲ್ಲ ಉಗ್ರಾಣದಿಂದ ಕಟ್ಟೆಗೆ ಬಂದರೇನೇ ಕೈಗೆ ಸಿಗುವುದು. ಕರೆಂಟು ಹೋದರೆ ಕಟ್ಟೆ ಪೂರ್ತಿ ಖಾಲಿ. ಉಗ್ರಾಣದ ಸಾಮಾನು ಹಾಗೇ ಇರುತ್ತದೆ.

ಈ ಕಟ್ಟೆಯ ರಚನೆಯೇ ವಿಚಿತ್ರ. ಪ್ರತಿ ಬಿಟ್‌ಗೂ, ಅಂದರೆ ಪ್ರತಿ 0 ಅಥವಾ 1ಕ್ಕೂ, ಒಂದು ಪುಟಾಣಿ ಕೆಪಾಸಿಟರ್ ಇರುತ್ತದೆ. ಅದರಲ್ಲಿ ವಿದ್ಯುದಾವೇಶ ತುಂಬಿದ್ದರೆ 1, ಖಾಲಿಯಾದರೆ 0 ಎಂದಿಟ್ಟುಕೊಳ್ಳಿ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವಿದು. ಇಂದಿನ ಸ್ಟಿಕ್‌ಗಳೂ ಅದೇ ತತ್ವದ ಮೇಲೆ ನಡೆಯುತ್ತವೆ. ಆದರೆ ಈ ಕೆಪಾಸಿಟರ್‌ಗಳು ಸಣ್ಣ ತೂತಿರುವ ಕೊಡಗಳಂತೆ, ಸದಾ ಸೋರುತ್ತಿರುತ್ತವೆ. ಆದ್ದರಿಂದ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಓದಿ ಮತ್ತೆ ತುಂಬಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. 8 ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂಥ ಕೊಡಗಳು ಸುಮಾರು 6,871 ಕೋಟಿ. ಅವುಗಳಲ್ಲಿ ಒಂದೇ ಒಂದು, ಮುಂದಿನ ಸರದಿ ಬರುವ ಮುನ್ನ ಬರಿದಾದರೆ 1 ಇದ್ದದ್ದು 0 ಆಗುತ್ತದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಿಫ್ರೆಶ್ ಎರಡು ಪಟ್ಟು ಬೇಗ ಆಗಬೇಕೆಂದು ಮಾನದಂಡವೇ ಹೇಳುತ್ತದೆ. ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಒಂದು ಬಿಟ್ ತಿರುಗಿದರೆ ಏನಾದೀತು ಅನ್ನಿಸಬಹುದು. ಬೆಲ್ಜಿಯಂನ ಸ್ಖಾರ್‌ಬೇಕ್‌ನಲ್ಲಿ 2003ರ ಚುನಾವಣೆಯ ಎಲೆಕ್ಟ್ರಾನಿಕ್ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಹೆಚ್ಚಿಗೆ ಬಂದವು. 2ನ್ನು 12 ಬಾರಿ ಗುಣಿಸಿದರೆ ಬರುವ ಸಂಖ್ಯೆಯೇ 4,096. ಎಣಿಕೆಯ 13ನೆಯ ಬಿಟ್ ತಾನಾಗಿ 0ಯಿಂದ 1ಕ್ಕೆ ತಿರುಗಿದರೆ ಅಷ್ಟೇ ವ್ಯತ್ಯಾಸ ಬರುತ್ತದೆ. ಬಾಹ್ಯಾಕಾಶದಿಂದ ಬಂದ ಕಣವೊಂದು ಬಡಿದಿರಬಹುದೆಂಬ ಅನುಮಾನ ಅಲ್ಲಿ ಉಳಿಯಿತು. ಅಂಥ ಆಕಸ್ಮಿಕ ಒಮ್ಮೆ ಆಗಿ ಹೋಗುತ್ತದೆ. ಕೆಟ್ಟ ಸ್ಟಿಕ್ ಹಾಗಲ್ಲ, ಅದೇ ತಪ್ಪನ್ನು ದಿನವೂ ಮಾಡುತ್ತದೆ.

ಬಿಟ್ ಹೊರಟ ಜಾಗದಿಂದ ಸಿಪಿಯು ತಲುಪುವವರೆಗೆ ಹಲವು ಕೊಂಡಿಗಳಿವೆ: ಚಿಪ್, ಸ್ಟಿಕ್‌ನ ಒಳಗಿನ ತಾಮ್ರದ ಗೆರೆಗಳು, ಅಂಚಿನ ಚಿನ್ನದ ಲೇಪದ ಸಂಪರ್ಕಗಳು, ಸ್ಲಾಟ್‌ನ ಸ್ಪ್ರಿಂಗ್ ಪಿನ್‌ಗಳು, ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡ್, ಕೊನೆಗೆ ಸಿಪಿಯು ಒಳಗೆ ಮೆಮೊರಿಯ ಓದು-ಬರಹ ನಿಭಾಯಿಸುವ ಮೆಮೊರಿ ಕಂಟ್ರೋಲರ್. ಕಂಟ್ರೋಲರ್ ಮೊದಲು ಬೋರ್ಡಿನ ಮೇಲೆ ಬೇರೆ ಚಿಪ್ ಆಗಿತ್ತು. ಡೆಸ್ಕ್‌ಟಾಪ್‌ಗಳಲ್ಲಿ ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಸಿಪಿಯು ಒಳಗೆ ತಂದವು. ಈ ಸಾಲಿನ ಯಾವ ಕೊಂಡಿ ಸಡಿಲವಾದರೂ ಹೊರಗೆ ಕಾಣುವ ಲಕ್ಷಣ ಒಂದೇ. ಹಾಗಾಗಿ ಲಕ್ಷಣ ನೋಡಿ ಸ್ಟಿಕ್ ಕೆಟ್ಟಿದೆಯೆಂದು ತೀರ್ಮಾನಿಸಲು ಆಗುವುದಿಲ್ಲ.

ಅನುಮಾನ ಹುಟ್ಟಿಸುವ ಲಕ್ಷಣಗಳು

ಪರದೆ ಬಾರದಿದ್ದಾಗ ಮೊದಲು ಮದರ್‌ಬೋರ್ಡ್ ಕಡೆ ಕಿವಿ ಕೊಡಿ, ಕಣ್ಣು ಹಾಯಿಸಿ. ಹಳೆಯ ಬೋರ್ಡುಗಳಲ್ಲಿ ಸಣ್ಣ ಸ್ಪೀಕರ್ ಬೀಪ್ ಮಾಡುತ್ತದೆ. ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶಕ್ಕೆ ಬಯೋಸ್ ಎನ್ನುತ್ತಾರೆ. ಅವಾರ್ಡ್ ಕಂಪನಿಯ ಬಯೋಸ್‌ನಲ್ಲಿ ಉದ್ದನೆಯ ಬೀಪ್ ನಿಲ್ಲದೆ ಮರುಕಳಿಸಿದರೆ, ಎಎಂಐ ಬಯೋಸ್‌ನಲ್ಲಿ ಒಂದು, ಎರಡು ಅಥವಾ ಮೂರು ಬೀಪ್ ಬಂದರೆ ಬೆರಳು ರ‍್ಯಾಮ್ ಕಡೆ ತೋರುತ್ತದೆ. ಈಚಿನ ಬೋರ್ಡುಗಳಲ್ಲಿ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಡಿರ‍್ಯಾಮ್ ದೀಪ ಹತ್ತಿ ನಿಂತರೆ ತಪಾಸಣೆ ಮೆಮೊರಿಯಲ್ಲೇ ಸಿಕ್ಕಿಬಿದ್ದಿದೆ ಎಂದರ್ಥ. ಎರಡಂಕಿಯ ಕಿರುಪರದೆ ಇರುವ ದುಬಾರಿ ಬೋರ್ಡುಗಳಲ್ಲಿ 55 ಕಂಡರೆ ಮೆಮೊರಿಯೇ ಕಾಣುತ್ತಿಲ್ಲ ಎಂದು.

ಇಲ್ಲಿ ಎಚ್ಚರ ಬೇಕು. ಡಿಡಿಆರ್5 (ಡಿಡಿಆರ್3, ಡಿಡಿಆರ್4ರ ನಂತರದ ತಲೆಮಾರಿನ ಮೆಮೊರಿ) ಇರುವ ಹೊಸ ಯಂತ್ರ ಮೊದಲ ಬಾರಿ ಚಾಲೂ ಆಗುವಾಗ, ಅಥವಾ ಸ್ಟಿಕ್ ಬದಲಿಸಿದಾಗ, ಸಿಪಿಯು ಮತ್ತು ಸ್ಟಿಕ್ ಒಂದಕ್ಕೊಂದು ತಾಳ ಹೊಂದಿಸಿಕೊಳ್ಳುತ್ತವೆ. ಇದನ್ನು ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಅಷ್ಟು ಹೊತ್ತೂ ಪರದೆ ಕಪ್ಪಾಗಿ, ಡಿರ‍್ಯಾಮ್ ದೀಪ ಉರಿಯುತ್ತಲೇ ಇರಬಹುದು. ಎಎಂಡಿಯ ಈಚಿನ ಸಿಪಿಯುಗಳು ಕೂರುವ ಎಎಂ5 ಬೋರ್ಡುಗಳಲ್ಲಿ ಕೆಲವು ನಿಮಿಷವೇ ಹಿಡಿಯುತ್ತದೆ. ಗಾಬರಿಯಾಗಿ ಕರೆಂಟು ತೆಗೆದರೆ ಮತ್ತೆ ಮೊದಲಿನಿಂದ ಶುರು. ಹದಿನೈದು ನಿಮಿಷ ಕಾಯಿರಿ.

ವಿಂಡೋಸ್ ಶುರುವಾದ ಮೇಲೆ ಬರುವ ತೊಂದರೆಗಳಲ್ಲಿ ಗಮನಿಸಬೇಕಾದದ್ದು ಅವುಗಳ ಚೆಲ್ಲಾಪಿಲ್ಲಿತನ. ಇಂದು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ನಾಡಿದ್ದು ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ಹೀಗೆ ಪ್ರತಿಸಲ ಬೇರೆ ಹೆಸರಿನ ನೀಲಿ ಪರದೆ ಬಂದರೆ (ವಿಂಡೋಸ್ 11ರ ಈಚಿನ ಆವೃತ್ತಿಯಲ್ಲಿ ಅದು ಕಪ್ಪು ಬಣ್ಣಕ್ಕೆ ತಿರುಗಿದೆ) ರ‍್ಯಾಮ್ ಮೇಲಿನ ಅನುಮಾನ ಬಲವಾಗುತ್ತದೆ. ಪ್ರತಿಸಲ ಒಂದೇ ಹೆಸರು, ಒಂದೇ ಡ್ರೈವರ್ ಕಡತದ ಉಲ್ಲೇಖ ಬಂದರೆ ಮೊದಲು ಆ ಡ್ರೈವರ್ ನೋಡಿ. ದೊಡ್ಡ ಜಿಪ್ ಕಡತ ಬಿಚ್ಚುವಾಗ ಒಮ್ಮೆ ತಪ್ಪು, ಮತ್ತೊಮ್ಮೆ ಸರಿ ಎನ್ನುವುದು. ಬ್ರೌಸರ್ ಟ್ಯಾಬ್‌ಗಳು ಒಂದರ ಹಿಂದೊಂದು ಬೀಳುವುದು. ವಿಂಡೋಸ್ ಇನ್‌ಸ್ಟಾಲ್ ಪ್ರತಿಸಲ ಬೇರೆ ಬೇರೆ ಹಂತದಲ್ಲಿ ನಿಲ್ಲುವುದು ಕೂಡ ಇದೇ ಬಗೆಯವು.

16 ಜಿಬಿ ಹಾಕಿದ್ದರೂ 8 ಮಾತ್ರ ತೋರಿಸಿದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲದಿರಬಹುದು. ಆದರೆ 16ರ ಬದಲು 15.4 ಎಂಬಂತೆ ಸ್ವಲ್ಪವೇ ಕಡಿಮೆ ಕಂಡರೆ ಅದು ದೋಷವಲ್ಲ. ಸಿಪಿಯು ಒಳಗಿನ ಗ್ರಾಫಿಕ್ಸ್ ತನ್ನ ಪಾಲು ತೆಗೆದಿಟ್ಟುಕೊಂಡಿದೆ. ಇನ್ನು 32-ಬಿಟ್ ವಿಂಡೋಸ್ ಆದರೆ ಎಷ್ಟೇ ಹಾಕಿದರೂ 4 ಜಿಬಿಗಿಂತ ಕಡಿಮೆಯೇ ಬಳಕೆಗೆ ಸಿಗುವುದು.

ಬಿಚ್ಚುವ ಮೊದಲು ಡಿಸ್ಕ್‌ನಲ್ಲಿರುವುದನ್ನು ಕಾಪಾಡಿ

ಬಹಳ ಮಂದಿ ಎಡವುವುದು ಇಲ್ಲೇ, ಮತ್ತು ನಷ್ಟ ದೊಡ್ಡದಾಗುವುದೂ ಇಲ್ಲೇ. ಡಿಸ್ಕ್‌ಗೆ ಹೋಗುವ ಪ್ರತಿ ಅಕ್ಷರವೂ ರ‍್ಯಾಮ್ ದಾಟಿ ಹೋಗುತ್ತದೆ. ರ‍್ಯಾಮ್ ತಪ್ಪು ಮಾಡುತ್ತಿದ್ದರೆ ತಪ್ಪೇ ಡಿಸ್ಕ್‌ನಲ್ಲಿ ಬರೆದುಹೋಗುತ್ತದೆ. ಅನುಮಾನ ಬಂದ ಯಂತ್ರದಲ್ಲಿ ಮಗಳ ಮದುವೆಯ ಫೋಟೊ ಕಾಪಿ ಮಾಡುವುದು, ಟ್ಯಾಲಿ ಲೆಕ್ಕ ತಿದ್ದುವುದು, ವಿಂಡೋಸ್ ಅಪ್‌ಡೇಟ್ ಮಾಡುವುದು, ಡಿಸ್ಕ್ ರಿಪೇರಿ ಓಡಿಸುವುದು ಎಲ್ಲ ನಿಲ್ಲಿಸಿ. ಬ್ಯಾಕಪ್ ತುರ್ತಾಗಿ ಬೇಕಿದ್ದರೆ ಡಿಸ್ಕ್ ತೆಗೆದು ಇನ್ನೊಂದು ಆರೋಗ್ಯವಂತ ಕಂಪ್ಯೂಟರಿಗೆ ಜೋಡಿಸಿ ತೆಗೆದುಕೊಳ್ಳಿ.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದಾಗ ವಿಂಡೋಸ್ ಅದನ್ನು ಕೇಳುವ ಸಂಭವವಿದೆ. ಆಗ ಕೈಯಲ್ಲಿ ಕೀ ಇಲ್ಲದಿದ್ದರೆ ರ‍್ಯಾಮ್ ಸರಿಹೋಗಿಯೂ ಕಡತ ಸಿಗುವುದಿಲ್ಲ.

ತೆಗೆದು, ಒರೆಸಿ, ಮತ್ತೆ ಕೂರಿಸುವುದು

ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ಲನ್ನೇ ಕಿತ್ತುಬಿಡಿ. ಯುಪಿಎಸ್ ಇದ್ದರೆ ಅದರಿಂದಲೂ. ಬಳಿಕ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದರೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಬೋರ್ಡ್ ಮೇಲೆ ಒಂದು ದೀಪವೂ ಉರಿಯಬಾರದು. ಕ್ಯಾಬಿನೆಟ್ಟನ್ನು ಮಲಗಿಸಿ, ಬದಿಯ ತಗಡು ತೆಗೆಯಿರಿ. ಸ್ಟಿಕ್ ಮುಟ್ಟುವ ಮೊದಲು ಮತ್ತು ನಡುನಡುವೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ತು ಬೆರಳಿಗೆ ಚುರ್ ಎನ್ನಿಸಲು ಸುಮಾರು 3,000 ವೋಲ್ಟ್ ಬೇಕು, ಚಿಪ್ ಕೆಡಲು ಅದಕ್ಕಿಂತ ತೀರಾ ಕಡಿಮೆ ಸಾಕು.

ಸ್ಲಾಟ್‌ನ ತುದಿಯ ಬಿಳಿ ಅಥವಾ ಕಪ್ಪು ಕ್ಲಿಪ್ ಹೊರಕ್ಕೆ ತಳ್ಳಿದರೆ ಸ್ಟಿಕ್ ಮೇಲೇಳುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದೇ ತುದಿಗೆ ಕ್ಲಿಪ್ ಇರುತ್ತದೆ, ಇನ್ನೊಂದು ತುದಿಯನ್ನು ಬಲವಂತ ಮಾಡಬೇಡಿ. ಅಂಚು ಹಿಡಿದು ತೆಗೆಯಿರಿ, ಚಿನ್ನದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಬೆರಳಿನ ಬೆವರಿನ ಉಪ್ಪೇ ಮುಂದೆ ಕಲೆಯಾಗುತ್ತದೆ.

ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಪದ್ಧತಿ ನಮ್ಮ ಕಡೆ ಮನೆಮಾತು. ಅದು ಕೆಲಸ ಮಾಡುವುದು ನಿಜ, ಕಾರಣವೂ ಸರಳ: ಪಟ್ಟಿಯ ಮೇಲೆ ಕೂತ ಜಿಡ್ಡು ಮತ್ತು ಕಿಲುಬಿನ ಪೊರೆಯನ್ನು ರಬ್ಬರ್ ಕೆರೆದು ತೆಗೆಯುತ್ತದೆ. ಆದರೆ ಅಲ್ಲಿರುವ ಚಿನ್ನ ಒಂದು ಮೈಕ್ರಾನಿಗಿಂತಲೂ ತೆಳುವಾದ ಲೇಪ. ತಿಂಗಳಿಗೊಮ್ಮೆ ಉಜ್ಜುತ್ತಿದ್ದರೆ ಲೇಪ ಸವೆದು ಕೆಳಗಿನ ನಿಕ್ಕಲ್ ಹೊರಬೀಳುತ್ತದೆ, ಆಮೇಲೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಆದ್ದರಿಂದ ಮೊದಲ ಆಯ್ಕೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಎಳೆ ಬಿಡದ ಬಟ್ಟೆಗೆ ಎರಡು ಹನಿ ಹಾಕಿ, ಮೇಲಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಅದಕ್ಕೂ ಹೋಗದ ಕಲೆ ಇದ್ದರೆ ಮಾತ್ರ ಮೆತ್ತಗಿನ ಬಿಳಿ ರಬ್ಬರ್‌ನಿಂದ ಹಗುರವಾಗಿ ಒಮ್ಮೆ. ಮರಳು ಬೆರೆಸಿದ ಇಂಕ್ ರಬ್ಬರ್ ಬೇಡವೇ ಬೇಡ. ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಅದೇ ಹೊಸ ಕಾಯಿಲೆ, ಹಾಗಾಗಿ ಈ ಕೆಲಸ ಕ್ಯಾಬಿನೆಟ್‌ನಿಂದ ದೂರ ಮಾಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿನ ನೀರು ಮತ್ತು ಗ್ಲಿಸರಿನ್ ಅಂಟಿಕೊಂಡು ಉಳಿಯುತ್ತವೆ.

ಸ್ಲಾಟ್ ಒಳಗಿನ ಧೂಳಿಗೆ ಬಾಯಿಂದ ಊದಬೇಡಿ, ಉಗುಳಿನ ತೇವ ಸೇರುತ್ತದೆ. ಮೆತ್ತನೆಯ ಒಣ ಬ್ರಷ್ ಅಥವಾ ಕೈಬ್ಲೋವರ್ ಸಾಕು. ಟಾರ್ಚ್ ಬೆಳಕಿನಲ್ಲಿ ಪಿನ್‌ಗಳ ಸಾಲನ್ನು ಓರೆಯಾಗಿ ನೋಡಿ. ಒಂದು ಪಿನ್ ಬಾಗಿದ್ದರೂ ಕಾಣುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಕಡಲಿನ ಉಪ್ಪೂ ಸೇರುವುದರಿಂದ ಸಂಪರ್ಕಗಳು ಬೇಗ ಮಂಕಾಗುತ್ತವೆ. ಅಲ್ಲಿ ಯಂತ್ರವನ್ನು ವಾರಗಟ್ಟಲೆ ಆರಿಸಿಡುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ಓಡಿಸುವುದು ಮೇಲು. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ.

ಮತ್ತೆ ಕೂರಿಸುವಾಗ ಸ್ಟಿಕ್‌ನ ಕೆಳಗಿನ ಕಚ್ಚು ಸ್ಲಾಟ್‌ನ ಉಬ್ಬಿಗೆ ನೇರವಾಗಿ ಬರಬೇಕು. ಕಚ್ಚು ನಡುವಿಗಿಂತ ಒಂದಿಷ್ಟು ಪಕ್ಕಕ್ಕಿರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ‘ಟಕ್’ ಎನ್ನುವವರೆಗೆ ಒತ್ತಿ. ಒಂದು ಕಡೆ ಟಕ್ ಎಂದು ಇನ್ನೊಂದು ಕಡೆ ಅರ್ಧ ಎದ್ದಿರುವುದು ತೀರಾ ಸಾಮಾನ್ಯ. ಚಿನ್ನದ ಅಂಚು ಎರಡೂ ಕಡೆ ಸಮವಾಗಿ ಒಳಹೋಗಿರಬೇಕು.

ಒಂದೊಂದೇ ಸ್ಟಿಕ್, ಒಂದೊಂದೇ ಸ್ಲಾಟ್

ಇಷ್ಟಾದರೂ ತೊಂದರೆ ಉಳಿದರೆ ಈಗ ತನಿಖೆ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಪ್ರತಿ ಹೆಜ್ಜೆಯನ್ನೂ ಕಾಗದದ ಮೇಲೆ ಬರೆದಿಡಿ. ಎರಡು ಸ್ಟಿಕ್‌ಗೆ ‘ಅ’, ‘ಆ’ ಎಂದು ಪೆನ್ಸಿಲ್‌ನಲ್ಲಿ ಗುರುತು ಚೀಟಿ ಅಂಟಿಸಿ.

ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಿಪಿಯು ಕಡೆಯಿಂದ ಎಣಿಸಿದರೆ ಎ1, ಎ2, ಬಿ1, ಬಿ2 ಎಂಬ ಕ್ರಮವಿರುವುದು ವಾಡಿಕೆ. ಒಂದೇ ಸ್ಟಿಕ್ ಆದರೆ ಎ2, ಅಂದರೆ ಎರಡನೆಯದು. ಎರಡಾದರೆ ಎರಡನೆಯದು ಮತ್ತು ನಾಲ್ಕನೆಯದು. ಹತ್ತಿರದ್ದನ್ನು ಬಿಟ್ಟು ದೂರದ್ದರಲ್ಲಿ ಹಾಕುವುದೇಕೆ? ಈಚಿನ ಹೆಚ್ಚಿನ ಬೋರ್ಡ್‌ಗಳಲ್ಲಿ ತಂತಿ ಮೊದಲ ಸ್ಲಾಟ್ ದಾಟಿ ಎರಡನೆಯದರಲ್ಲಿ ಕೊನೆಯಾಗುತ್ತದೆ. ಕೊನೆಯ ಸ್ಲಾಟ್ ಖಾಲಿ ಬಿಟ್ಟರೆ ಸಂಕೇತ ಆ ಖಾಲಿ ತುದಿಗೆ ಬಡಿದು, ಬಾವಿಯಲ್ಲಿ ಕೂಗಿದಾಗ ಮರುದನಿ ಬರುವಂತೆ ವಾಪಸು ಬಂದು ಮೂಲ ಸಂಕೇತದೊಡನೆ ಕಲಸಿಹೋಗುತ್ತದೆ. ಹಳೆಯ ಬೋರ್ಡಿನ ಕ್ರಮ ಬೇರೆಯಿರಬಹುದು, ಅದರ ಕೈಪಿಡಿ ನೋಡಿ.

ಮೊದಲು ‘ಅ’ ಮಾತ್ರ ಎ2ರಲ್ಲಿ. ಯಂತ್ರ ಏಳುತ್ತದೆಯೇ, ಪರೀಕ್ಷೆ ಪಾಸಾಗುತ್ತದೆಯೇ ಬರೆದುಕೊಳ್ಳಿ. ನಂತರ ಅದೇ ಸ್ಲಾಟ್‌ನಲ್ಲಿ ‘ಆ’ ಮಾತ್ರ. ಒಂದು ಪಾಸಾಗಿ ಇನ್ನೊಂದು ಫೇಲಾದರೆ ತಪ್ಪು ಸ್ಟಿಕ್‌ನದು. ಎರಡೂ ಫೇಲಾದರೆ ಎರಡು ಸ್ಟಿಕ್ ಒಟ್ಟಿಗೆ ಕೆಟ್ಟಿರುವ ಸಂಭವ ಕಡಿಮೆ; ಸ್ಲಾಟ್, ಸೆಟ್ಟಿಂಗ್ ಅಥವಾ ಸಿಪಿಯು ಕಡೆ ತಿರುಗಿ. ಎರಡೂ ಪಾಸಾದರೆ ಒಳ್ಳೆಯದೆಂದು ಗೊತ್ತಾದ ಒಂದು ಸ್ಟಿಕ್ಕನ್ನು ಉಳಿದ ಸ್ಲಾಟ್‌ಗಳಲ್ಲಿ ಸರದಿಯಂತೆ ಹಾಕಿ ನೋಡಿ. ಒಂದು ಸ್ಲಾಟ್‌ನಲ್ಲಿ ಮಾತ್ರ ಸೋತರೆ ತಪ್ಪು ಆ ಸ್ಲಾಟ್‌ನದು. ಬೇರೆಬೇರೆಯಾಗಿ ಎಲ್ಲ ಸರಿಯಿದ್ದು ಒಟ್ಟಿಗೆ ಹಾಕಿದಾಗ ಮಾತ್ರ ಜಗಳವಾದರೆ ಅದು ಹೊಂದಾಣಿಕೆಯ ತೊಂದರೆ, ಅದರ ಮದ್ದು ಬಯೋಸ್‌ನಲ್ಲಿದೆ.

ಪೆಟ್ಟಿಗೆಯ ಮೇಲಿನ ವೇಗ ಮತ್ತು ನಿಜವಾದ ವೇಗ

ಸ್ಟಿಕ್ ಮೇಲೆ 3200 ಅಥವಾ 6000 ಎಂದು ಮುದ್ರಿಸಿರುವುದು ಎಲ್ಲ ಸಲವೂ ಅದರ ಮೂಲ ವೇಗವಲ್ಲ. ಪ್ರತಿ ಸ್ಟಿಕ್‌ನಲ್ಲೂ ತನ್ನ ಗುಣಲಕ್ಷಣ ಬರೆದಿಟ್ಟ ಒಂದು ಪುಟ್ಟ ಚಿಪ್ ಇದೆ. ಅದರಲ್ಲಿ ಮಾನದಂಡದ ವೇಗವೂ (ಡಿಡಿಆರ್4ಕ್ಕೆ 2133, 2400, 2666ರಂಥವು, ಡಿಡಿಆರ್5ಕ್ಕೆ 4800, 5600ರಂಥವು), ಹಲವು ಸ್ಟಿಕ್‌ಗಳಲ್ಲಿ ಅದಕ್ಕಿಂತ ಮೇಲಿನ ವೇಗದ ಒಂದು ಪ್ರೊಫೈಲೂ (ಸಿದ್ಧ ಸೆಟ್ಟಿಂಗ್) ಇರುತ್ತವೆ. ಮೇಲಿನ ಪ್ರೊಫೈಲಿಗೆ ಇಂಟೆಲ್ ಇಟ್ಟ ಹೆಸರು ಎಕ್ಸ್‌ಎಂಪಿ. ಎಎಂಡಿ 2022ರಲ್ಲಿ ರೈಜನ್ 7000 ಜೊತೆ ತಂದದ್ದು ಎಕ್ಸ್‌ಪೊ. ಅದನ್ನು ಆನ್ ಮಾಡಿದರೆ ವೇಗದ ಜೊತೆ ವೋಲ್ಟೇಜೂ ಏರುತ್ತದೆ. ಡಿಡಿಆರ್4ರ ಮಾನದಂಡ 1.2 ವೋಲ್ಟ್ ಆದರೆ ಎಕ್ಸ್‌ಎಂಪಿಯಲ್ಲಿ 1.35 ಸಾಮಾನ್ಯ.

ಈ ಮೇಲಿನ ವೇಗಕ್ಕೆ ಸ್ಟಿಕ್ ಸಿದ್ಧವಿದ್ದರೂ ಸಿಪಿಯು ಮತ್ತು ಬೋರ್ಡ್ ಸಿದ್ಧವಿರಬೇಕೆಂದಿಲ್ಲ. ನಾಲ್ಕು ಸ್ಟಿಕ್ ಹಾಕಿದಾಗ ಹೊರೆ ಇನ್ನೂ ಹೆಚ್ಚು. ರೈಜನ್ 7000 ಸರಣಿಗೆ ಎಎಂಡಿ ಹೇಳುವ ಅಧಿಕೃತ ಮಿತಿ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ ಕೇವಲ 3600. ನಾಲ್ಕನ್ನೂ 6000ದಲ್ಲಿ ಓಡಿಸಿ ನೀಲಿ ಪರದೆ ಬಂದರೆ ಸ್ಟಿಕ್ ಮೇಲೆ ತಪ್ಪು ಹೊರಿಸಲಾಗದು.

ಹಾಗಾಗಿ ಬಯೋಸ್‌ಗೆ ಹೋಗಿ (ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಕೀ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆಫ್ ಮಾಡಿ. ಬಯೋಸ್ ತನಕವೂ ಹೋಗಲಾಗದಿದ್ದರೆ ಕರೆಂಟು ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಬರುತ್ತವೆ. ಮೂಲ ವೇಗದಲ್ಲಿ ಎಲ್ಲ ಸರಿಹೋದರೆ ಬೋರ್ಡಿನ ಬಯೋಸ್ ಹೊಸ ಆವೃತ್ತಿಗೆ ತಂದು ಮತ್ತೆ ಪ್ರಯತ್ನಿಸಬಹುದು. ಆ ಅಪ್‌ಡೇಟನ್ನು ಮೂಲ ವೇಗದಲ್ಲೇ, ಪಾಸಾದ ಸ್ಟಿಕ್ ಒಂದನ್ನೇ ಹಾಕಿ ಮಾಡಬೇಕು. ಕಚೇರಿ ಕೆಲಸ, ಸಿನಿಮಾ, ಇಂಟರ್ನೆಟ್‌ಗೆ ಮೂಲ ವೇಗ ಧಾರಾಳ ಸಾಕು.

ಇಡೀ ರಾತ್ರಿಯ ಪರೀಕ್ಷೆ

ವಿಂಡೋಸ್‌ನಲ್ಲೇ ಒಂದು ಪರೀಕ್ಷೆ ಇದೆ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ, ರೀಸ್ಟಾರ್ಟ್ ಮಾಡಿ, ನೀಲಿ ಪರದೆಯ ಪರೀಕ್ಷೆ ಶುರುವಾದಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆಯ್ಕೆ ಮಾಡಿ. ಅದು ತಪ್ಪು ಕಂಡುಹಿಡಿದರೆ ನಂಬಿ. ತಪ್ಪಿಲ್ಲ ಎಂದರೆ ಪೂರ್ತಿ ನಂಬಬೇಡಿ. ಸೂಕ್ಷ್ಮ ದೋಷಗಳು ಅದರ ಕಣ್ಣು ತಪ್ಪಿಸುತ್ತವೆ.

ಹೆಚ್ಚು ಕಟ್ಟುನಿಟ್ಟಿನದು ಮೆಮ್‌ಟೆಸ್ಟ್. ಒಂದೇ ಬೇರಿನ ಎರಡು ತಂತ್ರಾಂಶಗಳಿವೆ: ಮುಕ್ತ ಆಕರದ ಮೆಮ್‌ಟೆಸ್ಟ್86 ಪ್ಲಸ್, ಮತ್ತು ಪಾಸ್‌ಮಾರ್ಕ್ ಕಂಪನಿಯ ಮೆಮ್‌ಟೆಸ್ಟ್86. ಎರಡನೆಯದರ ಉಚಿತ ಆವೃತ್ತಿ ನಾಲ್ಕು ಸುತ್ತಿಗೆ ನಿಲ್ಲುತ್ತದೆ, ಮನೆಬಳಕೆಗೆ ಅಷ್ಟು ಸಾಕು. ಇನ್ನೊಂದು ಆರೋಗ್ಯವಂತ ಕಂಪ್ಯೂಟರಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಪರೀಕ್ಷಿಸಬೇಕಾದ ಯಂತ್ರಕ್ಕೆ ಚುಚ್ಚಿ, ಚಾಲೂ ಆಗುವಾಗ ಬೂಟ್ ಮೆನು ಕೀ ಒತ್ತಿ: ಏಸಸ್ ಬೋರ್ಡ್‌ಗೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ಗೆ ಎಫ್11, ಗಿಗಾಬೈಟ್ ಹಾಗೂ ಡೆಲ್‌ಗೆ ಎಫ್12, ಎಚ್‌ಪಿಗೆ ಎಫ್9. ಪೆನ್‌ಡ್ರೈವ್‌ನಿಂದ ಶುರುವಾಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ.

ಈ ತಂತ್ರಾಂಶ ಪ್ರತಿ ಕೊಡಕ್ಕೂ 0, 1ಗಳ ಬೇರೆಬೇರೆ ವಿನ್ಯಾಸ ತುಂಬಿ, ಮತ್ತೆ ಓದಿ, ತುಂಬಿದ್ದೇ ಬಂತೇ ಎಂದು ತಾಳೆ ನೋಡುತ್ತದೆ. ವಿಂಡೋಸ್ ಹೊರಗೆ ಓಡುವುದರಿಂದ ಹೆಚ್ಚುಕಡಿಮೆ ಇಡೀ ರ‍್ಯಾಮನ್ನು ಮುಟ್ಟಬಲ್ಲದು. 16 ಜಿಬಿಯ ನಾಲ್ಕು ಸುತ್ತಿಗೆ ಹಲವು ಗಂಟೆ ಬೇಕು. ಮಲಗುವ ಮುನ್ನ ಹಚ್ಚಿ ಬೆಳಿಗ್ಗೆ ನೋಡಿ. ಕರೆಂಟು ಹೋಗುವ ಊರಾದರೆ ಯುಪಿಎಸ್ ಬೇಕು, ನಡುವೆ ನಿಂತರೆ ಮೊದಲಿನಿಂದ ಓಡಿಸಬೇಕಾಗುತ್ತದೆ. ಮೊದಲ ಸುತ್ತಿಗೇ ತಪ್ಪು ತೋರಿಸುವ ಕೆಂಪು ಸಾಲು ಬಂದರೆ ಕಾಯುವ ಅಗತ್ಯವಿಲ್ಲ, ಅಲ್ಲಿಗೇ ನಿಲ್ಲಿಸಿ.

ಫಲಿತಾಂಶ ಓದುವುದು

ಸೊನ್ನೆ ತಪ್ಪು ಬಿಟ್ಟು ಬೇರೆ ಯಾವ ಸಂಖ್ಯೆಯೂ ಪಾಸ್ ಅಲ್ಲ. ನೂರು ಕೋಟಿಯಲ್ಲಿ ಒಂದು ತಪ್ಪಾದರೇನು ಎಂದು ಬಿಟ್ಟರೆ ಆ ಒಂದು ಜಾಗದಲ್ಲಿ ನಾಳೆ ಏನು ಕೂರುತ್ತದೋ ಗೊತ್ತಿಲ್ಲ. ಒಂದೇ ವಿನಾಯಿತಿ: ಪಾಸ್‌ಮಾರ್ಕ್ ಆವೃತ್ತಿಯ 13ನೆಯ ಪರೀಕ್ಷೆ. ಒಂದೇ ಸಾಲನ್ನು ಅತಿವೇಗದಲ್ಲಿ ಮತ್ತೆಮತ್ತೆ ತಟ್ಟಿದರೆ ಪಕ್ಕದ ಸಾಲು ಅಲುಗುತ್ತದೆಯೇ ಎಂದು ಅದು ನೋಡುತ್ತದೆ. ರೋಹ್ಯಾಮರ್ ಎಂಬ ಈ ದೌರ್ಬಲ್ಯ 2014ರಿಂದ ಚೆನ್ನಾಗಿ ಪರಿಚಿತ. ಇದರಲ್ಲಿ ಮಾತ್ರ ಸೋತು ಉಳಿದೆಲ್ಲ ಪಾಸಾದರೆ ದಿನನಿತ್ಯದ ಕುಸಿತಕ್ಕೆ ಕಾರಣ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು.

ತಪ್ಪುಗಳ ಪಟ್ಟಿಯಲ್ಲೂ ಸುಳಿವಿದೆ. ಪ್ರತಿ ಸುತ್ತಿನಲ್ಲಿ ಅದೇ ವಿಳಾಸದಲ್ಲಿ (ಮೆಮೊರಿಯೊಳಗಿನ ಜಾಗದ ಸಂಖ್ಯೆ) ಅದೇ ಬಿಟ್ ತಪ್ಪುತ್ತಿದ್ದರೆ ಒಂದು ಕೊಡವೇ ಒಡೆದಿದೆ. ಆ ಸ್ಟಿಕ್ ಮುಗಿಯಿತು. ವಿಳಾಸ ಬೇರೆಬೇರೆಯಾದರೂ ಬಿಟ್ ಮಾತ್ರ ಒಂದೇ ಆಗಿದ್ದರೆ ಒಂದು ಡೇಟಾ ಗೆರೆಯ ಸಂಪರ್ಕ ಕೆಟ್ಟಿರುವ ಅನುಮಾನ. ಮತ್ತೊಮ್ಮೆ ಒರೆಸಿ ಕೂರಿಸಿ ನೋಡಿ. ವಿಳಾಸವೂ ಬಿಟ್ಟೂ ದಿಕ್ಕಾಪಾಲಾಗಿ, ಪ್ರತಿ ಸುತ್ತಿನಲ್ಲಿ ಬೇರೆ ಕಡೆ ಬಂದರೆ ವೇಗ, ವೋಲ್ಟೇಜ್, ಬಿಸಿ ಅಥವಾ ಕಂಟ್ರೋಲರ್ ಕಡೆ ನೋಡಬೇಕು.

‘ವಿಳಾಸ 8 ಜಿಬಿಗಿಂತ ಮೇಲಿದ್ದರೆ ಎರಡನೆಯ ಸ್ಟಿಕ್ ಕೆಟ್ಟಿದೆ’ ಎಂಬ ಲೆಕ್ಕಾಚಾರ ಈಗಲೂ ಓಡಾಡುತ್ತಿದೆ. ಅದು ತಪ್ಪು. ಎರಡು ಸ್ಟಿಕ್ ಜೋಡಿಯಾಗಿ ಓಡುವಾಗ ಡೇಟಾ ಇಬ್ಬರ ನಡುವೆ ಚೂರುಚೂರಾಗಿ ಹಂಚಿಹೋಗುತ್ತದೆ. ವಿಳಾಸದಿಂದ ಸ್ಟಿಕ್ ಗುರುತಿಸಲಾಗದು, ಒಂಟಿಯಾಗಿ ಹಾಕಿ ಪರೀಕ್ಷಿಸುವುದೇ ದಾರಿ.

ಸ್ಟಿಕ್ ಸರಿಯಿದ್ದೂ ತೊಂದರೆ ಉಳಿದರೆ

ಸಿಪಿಯು ಸಾಕೆಟ್‌ನ ಬಾಗಿದ ಪಿನ್, ಒಂದು ಕಡೆ ಹೆಚ್ಚು ಬಿಗಿದ ಕೂಲರ್ ಸ್ಕ್ರೂ ಇವೆರಡೂ ಒಂದು ಇಡೀ ಚಾನೆಲ್ಲನ್ನೇ ಮಾಯ ಮಾಡಬಲ್ಲವು: ಎ ಸ್ಲಾಟ್‌ಗಳೆರಡೂ ಸರಿ, ಬಿ ಸ್ಲಾಟ್‌ಗಳೆರಡೂ ಸತ್ತಂತೆ. ಇತ್ತೀಚೆಗೆ ಕೂಲರ್ ಬಿಚ್ಚಿ ಪೇಸ್ಟ್ ಹಚ್ಚಿದ್ದರೆ ಮೊದಲು ಅಲ್ಲೇ ನೋಡಿ. ಮೆಮ್‌ಟೆಸ್ಟ್ ರಾತ್ರಿಯಿಡೀ ಪಾಸಾಗಿ, ಆಟ ಆಡುವಾಗ ಮಾತ್ರ ಯಂತ್ರ ದಿಢೀರ್ ಆರಿದರೆ ಪವರ್ ಸಪ್ಲೈ ಅಥವಾ ಗ್ರಾಫಿಕ್ಸ್ ಕಾರ್ಡ್ ಕಡೆ ತಿರುಗಿ. ಕಡತ ತೆರೆಯುವಾಗ ಮಾತ್ರ ಹೆಪ್ಪುಗಟ್ಟಿದಂತೆ ನಿಂತರೆ ಡಿಸ್ಕ್.

ಬದಲಿಸುವುದಾದರೆ

ಮೊದಲು ವಾರಂಟಿ. ಹಲವು ಬ್ರ್ಯಾಂಡುಗಳು ರ‍್ಯಾಮ್‌ಗೆ ದೀರ್ಘ ವಾರಂಟಿ ಕೊಡುತ್ತವೆ, ಹಾಗಾಗಿ ವರ್ಷಗಳ ಹಿಂದಿನ ಬಿಲ್ಲೂ ಹುಡುಕುವುದಕ್ಕೆ ಯೋಗ್ಯ. ಸ್ಟಿಕ್ ಮೇಲಿನ ಸೀರಿಯಲ್ ಸಂಖ್ಯೆಯ ಲೇಬಲ್ ಕೀಳಬೇಡಿ, ಲೋಹದ ಕವಚ ಬಿಚ್ಚಬೇಡಿ. ಮೆಮ್‌ಟೆಸ್ಟ್ ಪರದೆಯ ಫೋಟೊ ತೆಗೆದಿಡಿ. ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಒಟ್ಟಿಗೆ ಕೇಳುವುದುಂಟು. ಬದಲಿ ಬರುವ ತನಕ ಒಳ್ಳೆಯ ಒಂದೇ ಸ್ಟಿಕ್‌ನಲ್ಲಿ ಯಂತ್ರ ನಡೆಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಮಾತ್ರ ನಿಧಾನ ಎದ್ದು ಕಾಣುತ್ತದೆ.

ಕೊಳ್ಳಲೇಬೇಕಾದರೆ ತಲೆಮಾರು ಮೊದಲು ನೋಡಿ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು 5 ಎರಡಕ್ಕೂ 288. ಆದರೆ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದು ಇನ್ನೊಂದರಲ್ಲಿ ಕೂರದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹಳೆಯ ಸ್ಟಿಕ್ ಹುಡುಕುವವರು ಸರ್ವರ್‌ನಿಂದ ಬಿಚ್ಚಿದ ಮೆಮೊರಿಯ ಬಗ್ಗೆ ಎಚ್ಚರವಾಗಿರಬೇಕು. ಡಿಡಿಆರ್4ರಲ್ಲಿ ಅದು ಸಾಮಾನ್ಯ ಸ್ಲಾಟ್‌ಗೆ ಸರಾಗವಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಸ್ಟಿಕ್‌ನ ನಟ್ಟನಡುವೆ ಬೇರೆ ಆಕಾರದ ಒಂದು ಹೆಚ್ಚಿನ ಚಿಪ್ ಇದ್ದರೆ, ಲೇಬಲ್‌ನ ವೇಗದ ಸಂಕೇತದ ಬಳಿಕ ಇಂಗ್ಲಿಷಿನ ‘ಆರ್’ ಅಕ್ಷರವಿದ್ದರೆ ಅದು ಸರ್ವರ್‌ನದು. ನಿಮಗೆ ಬೇಕಾದದ್ದು ‘ಯು’. ಇನ್ನೂ ಹಳೆಯ ಜಿ41 ಚಿಪ್‌ಸೆಟ್‌ನ ಡಿಡಿಆರ್3 ಬೋರ್ಡ್ ಇದ್ದರೆ ಎಂಟೇ ಚಿಪ್‌ಗಳಿರುವ 4 ಜಿಬಿ ಸ್ಟಿಕ್ ಅದಕ್ಕೆ ಒಗ್ಗುವುದಿಲ್ಲ, ಹದಿನಾರು ಚಿಪ್‌ಗಳದ್ದೇ ಬೇಕು.

ಹೊಸ ಸ್ಟಿಕ್ ಬಂದ ರಾತ್ರಿಯೂ ಮೆಮ್‌ಟೆಸ್ಟ್ ಓಡಿಸಿ. ಅಂಗಡಿಗೆ ವಾಪಸು ಕೊಡುವ ಗಡುವು ಮುಗಿಯುವ ಮುನ್ನವೇ ಗೊತ್ತಾಗಲಿ. ಅದು ಪಾಸಾದ ಮೇಲೆ, ಕೆಟ್ಟ ದಿನಗಳಲ್ಲಿ ವಿಂಡೋಸ್ ಕಡತಗಳಿಗೆ ಬಿದ್ದ ಪೆಟ್ಟನ್ನು ಸರಿಪಡಿಸಲು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಸಿಸ್ಟಮ್ ಫೈಲ್ ಚೆಕರ್ ನಡೆಸಿ (sfc /scannow ಎಂದು ಟೈಪ್ ಮಾಡಿ ಎಂಟರ್ ಒತ್ತಿ). ನಿಮ್ಮದೇ ಕಡತಗಳಿಗೆ ಅಂಥ ಸೌಲಭ್ಯವಿಲ್ಲ; ತೊಂದರೆ ಶುರುವಾದ ದಿನದಿಂದೀಚೆಗೆ ಸೇವ್ ಮಾಡಿದ ಲೆಕ್ಕಪತ್ರ, ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿ, ಕೆಟ್ಟಿದ್ದರೆ ಹಳೆಯ ಬ್ಯಾಕಪ್‌ನಿಂದ ತನ್ನಿ.